ವಿದ್ಯುತ್ಕಾಯಕಕ್ಕೆ ಬೇಕಾದ ಶಿಕ್ಷಣ

(ಶ್ರೀಮಠದ ಮಹೋತ್ಸವದ ಅಂಗವಾಗಿ ಶಿವಮೊಗ್ಗೆಯಲ್ಲಿ ನೆರೆದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಶಾಸ್ತ್ರವಿಚಾರವನ್ನೋ ಶರಣರ ಚರಿತ್ರೆಯನ್ನೋ ಕೇಳಬೇಕೆಂದು ಮಠದ ಸಭೆಗೆ ಬಂದವರಿಗೆ ಕಾರ್ಖಾನೆಯ ತಂತಿ, ಮೋಟಾರು, ಸ್ವಿಚ್ಚುಗಳ ಮಾತು ಅಸಂಗತವೆಂದು ತೋರಬಹುದು. ಆದರೆ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದುವ ಬಾಲಕರಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯನ್ನು ಮುಗಿಸಿ, ಮುಂದೆ ಯಾವ ದಾರಿಯನ್ನು ಹಿಡಿಯಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಅವರಲ್ಲಿ ಕೆಲವರು ಕಾರ್ಖಾನೆಗಳ ವಿದ್ಯುತ್ ಕೆಲಸಕ್ಕೆ ಹೋಗುವರು. ಸರಿಯಾಗಿ ಕಲಿತು ಹೋದವರು ತಮ್ಮ ಮನೆಯನ್ನು ಬೆಳಗುವರು. ಕಲಿಯದೆ ಹೋದವರು ತಮ್ಮ ಪ್ರಾಣವನ್ನಷ್ಟೇ ಅಲ್ಲ, ತಾವು ಮುಖವನ್ನೇ ಕಾಣದ ಇತರರ ಪ್ರಾಣವನ್ನೂ ಅಪಾಯಕ್ಕೆ ಒಡ್ಡುವರು. ಆದಕಾರಣ ಈ ವಿದ್ಯೆಯನ್ನು ಹೇಗೆ ಕಲಿಯಬೇಕು, ಯಾರ ಬಳಿ ಕಲಿಯಬೇಕು, ಎಷ್ಟು ಕಾಲ ಕಲಿಯಬೇಕು ಎಂಬುದು ಭಕ್ತಸಮಾಜವು ಕುಳಿತು ಯೋಚಿಸತಕ್ಕ ವಿಷಯವೇ ಆಗಿರುವುದು.

ಈ ನಾಡಿಗೆ ವಿದ್ಯುಚ್ಛಕ್ತಿಯು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಗಮನಿಸತಕ್ಕ ಸಂಗತಿಯೆಂದರೆ, ಬೀದಿಯ ದೀಪಕ್ಕಿಂತ ಮೊದಲು ಗಣಿಯ ಯಂತ್ರಕ್ಕೆ ವಿದ್ಯುತ್ತು ಒದಗಿತು. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಮೊದಲಿನಿಂದಲೂ ಕೈಗಾರಿಕೆಯ ಒಡನಾಡಿಯಾಗಿಯೇ ಬಂದಿತು.

ಶಿವಮೊಗ್ಗೆಯ ಸೀಮೆಗೆ ಈ ಒಡನಾಟವು ಭದ್ರಾವತಿಯ ಮೂಲಕ ಬಂದಿತು. ಪೂರ್ವದಲ್ಲಿ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ, ಭದ್ರಾ ನದಿಯ ದಡದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಕಬ್ಬಿಣದ ಕಾರ್ಖಾನೆಯ ಕಟ್ಟಡವು 1918ರಲ್ಲಿ ಆರಂಭವಾಗಿ, 1923ರಲ್ಲಿ ಕುಲುಮೆಯು ಕಬ್ಬಿಣವನ್ನು ಕೊಡತೊಡಗಿತು. ಕೆಮ್ಮಣ್ಣುಗುಂಡಿಯ ಬೆಟ್ಟದ ಅದಿರು, ಮಲೆನಾಡಿನ ಕಾಡಿನ ಇದ್ದಲು ಇವೆರಡೂ ಅಲ್ಲಿ ಸೇರಿದವು. ಕಾರ್ಖಾನೆಯು ನಷ್ಟದಲ್ಲಿ ತೊಳಲಾಡುತ್ತಿದ್ದ ದಿನಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರ ವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ನಿಲ್ಲಿಸಿಕೊಟ್ಟರು. 1936ರಲ್ಲಿ ಅಲ್ಲಿ ಉಕ್ಕೂ ತಯಾರಾಗತೊಡಗಿತು. ಅದೇ ವರ್ಷ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. 1940ರ ದಶಕದ ಕೊನೆಯಲ್ಲಿ ಜೋಗದ ಜಲವಿದ್ಯುದಾಗಾರವು ಕೆಲಸಕ್ಕೆ ತೊಡಗಿ, ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತು, ಪೂರ್ಣಗೊಂಡಾಗ 120 ಮೆಗಾವಾಟ್ ಸಾಮರ್ಥ್ಯದ್ದಾಯಿತು. ಆ ಬಲದಿಂದಲೇ 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಉರಿದವು. ತರುವಾಯ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಹೊಸ ವಿದ್ಯುದಾಗಾರವು ಕ್ರಮೇಣ 1035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆ ಬೆಳಕಿಗಾಗಿ ಶರಾವತಿಯ ಕಣಿವೆಯ ಎಷ್ಟೋ ಕುಟುಂಬಗಳು ಹೊಲಮನೆಗಳನ್ನು ನೀರಿಗೆ ಒಪ್ಪಿಸಿ ಬೇರೆ ಊರುಗಳಿಗೆ ಹೋಗಿ ನೆಲಸಿದವು. ಹೀಗೆ ತ್ಯಾಗದಿಂದ ಬಂದ ಶಕ್ತಿಯನ್ನು ಅಜಾಗರೂಕತೆಯಿಂದ ಬಳಸತಕ್ಕುದಲ್ಲ.

ಈ ಚರಿತ್ರೆಯಲ್ಲಿ ಶಿಕ್ಷಣಕ್ಕೆ ಸಂಬಂಧಪಟ್ಟ ಒಂದು ಸಂಗತಿಯು ವಿಶೇಷವಾಗಿ ಸ್ಮರಣಾರ್ಹವಾಗಿದೆ. ಭದ್ರಾವತಿಯ ಕಾರ್ಖಾನೆಯನ್ನು ನಡೆಸಿದ್ದಕ್ಕಾಗಿ ವಿಶ್ವೇಶ್ವರಯ್ಯನವರಿಗೆ ಸಲ್ಲಬೇಕಾಗಿದ್ದ ಸಂಭಾವನೆಯು ಲಕ್ಷ ರೂಪಾಯಿಗಳನ್ನು ಮೀರಿದ್ದಿತು. ಅವರು ಅದರಲ್ಲಿ ಒಂದು ಕಾಸನ್ನೂ ತಮಗಾಗಿ ತೆಗೆದುಕೊಳ್ಳಲಿಲ್ಲ. ಹುಡುಗರು ಕೈಕಸುಬನ್ನು ಕಲಿತು ಬದುಕುವಂಥ ಒಂದು ಶಾಲೆಯನ್ನು ಆ ಹಣದಿಂದ ತೆರೆಯಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ಶಾಲೆಗೆ ತಮ್ಮ ಹೆಸರನ್ನು ಇಡಲು ಒಪ್ಪದೆ ಮಹಾರಾಜರ ಹೆಸರನ್ನು ಇಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬುದೇ ಆ ಶಾಲೆ. ಈಗ ಅದು ಪಾಲಿಟೆಕ್ನಿಕ್ ಆಗಿ ನಡೆಯುತ್ತಿದೆ. ಕಬ್ಬಿಣವನ್ನು ಕಾಯಿಸಿದ ಕೆಲಸದ ಫಲವನ್ನು ಕೈಗಳಿಗೆ ವಿದ್ಯೆ ಕೊಡುವುದಕ್ಕೆ ವಿನಿಯೋಗಿಸಿದ ಆ ಹಿರಿಯರಿಗೆ, ಕಾರ್ಖಾನೆಯನ್ನು ಕಟ್ಟಿದರೆ ಸಾಲದು, ಕಾರ್ಖಾನೆಯನ್ನು ನಡೆಸಬಲ್ಲವರನ್ನೂ ಕಟ್ಟಬೇಕು ಎಂಬುದು ತಿಳಿದಿದ್ದಿತು.

ಇನ್ನು ಆ ವಿದ್ಯೆಯ ಸ್ವರೂಪವನ್ನು ನೋಡುವುದು ಉಚಿತ. ಮನೆಗೆ ದೀಪವನ್ನೂ ಫ್ಯಾನನ್ನೂ ಹಾಕುವವನೂ ವೈರ್‌ಮನ್ನನೇ, ಕಾರ್ಖಾನೆಯಲ್ಲಿ ಕೆಲಸ ಮಾಡುವವನೂ ವೈರ್‌ಮನ್ನನೇ ಎಂದು ಜನರು ಭಾವಿಸುವುದುಂಟು. ಇವೆರಡಕ್ಕೂ ಬಹಳ ಅಂತರವಿದೆ. ಮನೆಗೆ ಸಾಮಾನ್ಯವಾಗಿ ಒಂದೇ ಫೇಸಿನ 230 ವೋಲ್ಟಿನ ವಿದ್ಯುತ್ತು ಬರುತ್ತದೆ. ಕಾರ್ಖಾನೆಗೆ ಮೂರು ಫೇಸುಗಳು ಬರುತ್ತವೆ. ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ ಸುಮಾರು 400 ವೋಲ್ಟಿನ ಒತ್ತಡವಿರುತ್ತದೆ. ದೊಡ್ಡ ಮೋಟಾರನ್ನು ಹಾಗೆಯೇ ಚಾಲೂ ಮಾಡಿದರೆ ಅದು ಆ ಕ್ಷಣದಲ್ಲಿ ತನ್ನ ನಿಯಮಿತ ಕರೆಂಟಿನ ಐದಾರು ಪಟ್ಟನ್ನು ಎಳೆಯುತ್ತದೆ. ಅದನ್ನು ತಗ್ಗಿಸಲು ಸ್ಟಾರ್–ಡೆಲ್ಟಾ ಸ್ಟಾರ್ಟರನ್ನು ಬಳಸುವರು. ಮೊದಲು ಸುರುಳಿಗಳನ್ನು ಸ್ಟಾರ್ ರೀತಿಯಲ್ಲಿ ಜೋಡಿಸಿದಾಗ ಪ್ರತಿಯೊಂದು ಸುರುಳಿಗೂ 400ರ ಬದಲು 230 ವೋಲ್ಟು ಮಾತ್ರ ಸಿಕ್ಕುವುದರಿಂದ, ಲೈನಿನಿಂದ ಎಳೆಯುವ ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೋಟಾರು ವೇಗವನ್ನು ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಾಗುತ್ತದೆ. ಇದನ್ನು ಕಂಠಪಾಠ ಮಾಡಿದವನು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ತಂತಿಯನ್ನು ಕೈಯಾರೆ ಜೋಡಿಸಿ, ತಪ್ಪಿ, ಗುರುವಿನ ಮುಂದೆ ತಿದ್ದಿಕೊಂಡವನು ಮಾತ್ರ ಮೋಟಾರನ್ನು ಉಳಿಸಬಲ್ಲನು.

ತಂತಿಯ ಒಂದು ಜೋಡಣೆಯನ್ನು ತೆಗೆದುಕೊಳ್ಳಿರಿ. ಕರೆಂಟು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸಡಿಲವಾಗಿ ಬಿಗಿದ ಒಂದು ಕೂಡುವಿಕೆಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ಮಾತ್ರ ತಡೆಯಿದೆಯೆಂದು ಇಟ್ಟುಕೊಂಡರೆ, 50 ಆಂಪಿಯರ್ ಹರಿಯುವಾಗ ಅಲ್ಲಿ 250 ವಾಟ್ ಶಾಖವೂ, 100 ಆಂಪಿಯರ್ ಹರಿಯುವಾಗ 1000 ವಾಟ್ ಶಾಖವೂ ಹುಟ್ಟುತ್ತದೆ. ಅಡಿಗೆಯ ಒಂದು ವಿದ್ಯುತ್ ಒಲೆಯನ್ನು ಪ್ಯಾನಲ್ ಬೋರ್ಡಿನೊಳಗೆ ಮುಚ್ಚಿಟ್ಟು ಹೋದಂತೆಯೇ ಆಯಿತು. ಲಗ್ಗನ್ನು ಸರಿಯಾಗಿ ಒತ್ತದೆ, ನಟ್ಟನ್ನು ಸರಿಯಾಗಿ ಬಿಗಿಯದೆ ಬಾಗಿಲನ್ನು ಮುಚ್ಚಿದವನ ತಪ್ಪು ಆ ದಿನ ಯಾರಿಗೂ ಕಾಣದು. ಆರು ತಿಂಗಳ ಮೇಲೆ, ನಡುರಾತ್ರಿಯ ಪಾಳಿಯಲ್ಲಿ, ಬೆಂಕಿಯಾಗಿ ಕಾಣುವುದು.

ಅರ್ತಿಂಗಿನ ವಿಷಯವು ಇದಕ್ಕಿಂತಲೂ ಗಂಭೀರವಾದುದು. ಫ್ಯೂಸ್ ಇರುವಾಗ ಮನುಷ್ಯನಿಗೆ ಭಯವೇಕೆಂದು ಕೇಳುವವರುಂಟು. ಒದ್ದೆಯಾದ ಮೈಯ ತಡೆಯು ಸುಮಾರು 1000 ಓಮಿಗೆ ಇಳಿಯಬಲ್ಲದು. 230 ವೋಲ್ಟಿನ ತಂತಿಯು ಅಂಥ ಮೈಗೆ ತಗುಲಿದರೆ ದೇಹದಲ್ಲಿ 230 ಮಿಲಿಆಂಪಿಯರ್, ಎಂದರೆ ಆಂಪಿಯರಿನ ಕಾಲು ಪಾಲಿಗಿಂತಲೂ ಕಡಮೆ ಕರೆಂಟು ಹರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸುವುದಕ್ಕೆ ಅದು ಧಾರಾಳವಾಗಿ ಸಾಕು. ಆದರೆ 15 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಬಾರದು. ಮನುಷ್ಯನು ಬಿದ್ದಮೇಲೂ ಫ್ಯೂಸ್ ನಿಂತೇ ಇರುತ್ತದೆ. ಮೋಟಾರಿನ ಮೈಗೆ ತಂತಿ ತಗುಲಿದ ಕೂಡಲೇ ಫ್ಯೂಸ್ ಹಾರಬೇಕಾದರೆ ಅರ್ತಿಂಗಿನ ದಾರಿ ಸುಗಮವಾಗಿರಬೇಕು. ಆ ದಾರಿಯ ತಡೆ 1 ಓಮ್ ಆಗಿದ್ದರೆ 230 ಆಂಪಿಯರ್ ಹರಿದು ಫ್ಯೂಸ್ ತಕ್ಷಣ ಹಾರಿಹೋಗುವುದು. ತಡೆ 20 ಓಮ್ ಆಗಿದ್ದರೆ ಹನ್ನೊಂದೂವರೆ ಆಂಪಿಯರ್ ಮಾತ್ರ ಹರಿಯುವುದು. ಫ್ಯೂಸ್ ಹಾರದು, ಮೋಟಾರಿನ ಮೈಯೆಲ್ಲ ವಿದ್ಯುತ್ತನ್ನು ಹೊತ್ತು ಮುಟ್ಟುವವನಿಗಾಗಿ ಕಾದಿರುವುದು. ಮಲೆನಾಡಿನ ನೆಲವು ಮಳೆಗಾಲದಲ್ಲಿ ನೆನೆದು ಒಳ್ಳೆಯ ಅರ್ತನ್ನು ಕೊಡುತ್ತದೆ. ಬೇಸಗೆಯಲ್ಲಿ ಅದೇ ಜಂಬಿಟ್ಟಿಗೆಯ ನೆಲ ಒಣಗಿ ಮೋಸಮಾಡುತ್ತದೆ. ಆದುದರಿಂದ ಬಲ್ಲವನು ಅರ್ತಿಂಗನ್ನು ಬೇಸಗೆಯಲ್ಲಿ ಅಳೆಯುತ್ತಾನೆ. 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಕಡಿದುಹಾಕುವ ಉಪಕರಣವನ್ನೂ ತಕ್ಕ ಕಡೆಯಲ್ಲಿ ಜೋಡಿಸುತ್ತಾನೆ.

ಇಂಥ ವಿದ್ಯೆಯು ಒಂದು ವಾರದಲ್ಲಾಗಲಿ ಒಂದು ತಿಂಗಳಲ್ಲಾಗಲಿ ಬಾರದು. ಅದಕ್ಕೆ ಒಂದು ಕ್ರಮವಿದೆ. ಕುಶಲಕರ್ಮಿಗಳ ತರಬೇತಿಯ ಯೋಜನೆಯು ಭಾರತದಲ್ಲಿ 1950ರಲ್ಲಿ ಆರಂಭವಾಯಿತು. ಅದರಂತೆ ನಡೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಎಂದರೆ ಜನರು ಐ.ಟಿ.ಐ. ಎಂದು ಕರೆಯುವ ಶಾಲೆಗಳಲ್ಲಿ, ಎಲೆಕ್ಟ್ರಿಷಿಯನ್ ಶಿಕ್ಷಣವು 2 ವರ್ಷಗಳದು. ಗಣಿತ ವಿಜ್ಞಾನಗಳನ್ನೊಳಗೊಂಡು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ಅದಕ್ಕೆ ಅರ್ಹರು. ವೈರ್‌ಮನ್ ಶಿಕ್ಷಣವೂ 2 ವರ್ಷಗಳದೇ; ಅದಕ್ಕೆ ಎಂಟನೆಯ ತರಗತಿಯ ತೇರ್ಗಡೆ ಸಾಕು. ಮೊದಲು ಉಪಕರಣಗಳ ಪರಿಚಯ, ತಂತಿಯ ಸಿಪ್ಪೆ ತೆಗೆಯುವುದು, ಕೂಡಿಸುವುದು, ಓಮನ ನಿಯಮ, ಅಳತೆಯ ಮೀಟರುಗಳು, ಅರ್ತಿಂಗ್. ಅನಂತರ ಮೋಟಾರು, ಸ್ಟಾರ್ಟರು, ಟ್ರಾನ್ಸ್‌ಫಾರ್ಮರು, ಕಂಟ್ರೋಲ್ ಪ್ಯಾನಲುಗಳು. ಇದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯೊಂದರಲ್ಲಿ ಭತ್ಯೆ ಪಡೆಯುತ್ತ ಅಭ್ಯಾಸ ಮಾಡುವ ಅವಕಾಶವಿದೆ. ಕೊನೆಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ಟನ್ನೂ, ಅನುಭವ ಬೆಳೆದಂತೆ ಮೇಲ್ವಿಚಾರಕನ ಪರ್ಮಿಟ್ಟನ್ನೂ ಪಡೆಯಬೇಕು.

ಪಾಠಶಾಲೆಗಳಲ್ಲಿ ಓದಿದವರಿಗೆ ಅಧಿಕಾರವೆಂಬ ಶಬ್ದವು ಪರಿಚಿತ. ಶಾಸ್ತ್ರದಲ್ಲಿ ಅದಕ್ಕೆ ದರ್ಪವೆಂಬ ಅರ್ಥವಿಲ್ಲ, ಯೋಗ್ಯತೆಯೆಂಬ ಅರ್ಥವಿದೆ. ಸಂಸ್ಕಾರವಿಲ್ಲದವನಿಗೆ ಅನುಷ್ಠಾನದಲ್ಲಿ ಅಧಿಕಾರವಿಲ್ಲವೆಂದು ಹೇಳುವುದು ಅವನನ್ನು ಹಳಿಯುವುದಕ್ಕಲ್ಲ. ಸಂಸ್ಕಾರವನ್ನು ಪಡೆದು ಬಾ ಎಂದು ಕರೆಯುವುದಕ್ಕೆ. ವೈರ್‌ಮನ್ ಪರ್ಮಿಟ್ಟೂ ಅಂಥ ಅಧಿಕಾರವೇ. ಅದನ್ನು ಲಂಚದಿಂದಲೋ ಶಿಫಾರಸಿನಿಂದಲೋ ಕೊಂಡುಕೊಂಡವನು ಕಾಗದವನ್ನು ಮಾತ್ರ ಕೊಂಡಂತಾಯಿತು. ವಿದ್ಯುತ್ತು ಕಾಗದವನ್ನು ಓದುವುದಿಲ್ಲ. ಬಡವ ಬಲ್ಲಿದ, ಬಲ್ಲವ ಅರಿಯದವ ಎಂಬ ಮುಖನೋಟವೂ ಅದಕ್ಕಿಲ್ಲ.

ಆ ಅಧಿಕಾರವನ್ನು ಪಡೆದವನು ದಿನದಿನವೂ ತಪ್ಪದೆ ಆಚರಿಸತಕ್ಕ ನಿಯಮಗಳಿವೆ. ಕೆಲಸಕ್ಕೆ ಕೈಹಾಕುವ ಮುನ್ನ ವಿದ್ಯುತ್ತಿನ ಮೂಲವನ್ನು ಕಡಿಯಬೇಕು. ಬೇರೆಯವನು ಅರಿಯದೆ ಸ್ವಿಚ್ಚನ್ನು ಹಾಕದಂತೆ ಅದಕ್ಕೆ ಬೀಗ ಹಾಕಿ, ಕೀಲಿಕೈಯನ್ನು ತನ್ನ ಬಳಿಯೇ ಇಟ್ಟುಕೊಂಡು, ಹೆಸರಿನ ಚೀಟಿಯನ್ನು ತೂಗಹಾಕಬೇಕು. ಬೀಗವಿಲ್ಲದ ಕಾಲದಲ್ಲಿ ಹಳಬರು ಫ್ಯೂಸನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ತರುವಾಯ ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಅಳೆದು ನೋಡಬೇಕು. ಅಳೆಯುವ ಉಪಕರಣವನ್ನೂ ಮೊದಲು ವಿದ್ಯುತ್ತಿರುವ ಕಡೆಯಲ್ಲಿ ಹಿಡಿದು ನೋಡಿ, ಆಮೇಲೆ ಕೆಲಸದ ತಂತಿಯನ್ನು ನೋಡಿ, ಪುನಃ ವಿದ್ಯುತ್ತಿರುವ ಕಡೆಯಲ್ಲಿ ಹಿಡಿದು ನೋಡಬೇಕು. ಇಲ್ಲವಾದರೆ ಕೆಟ್ಟ ಟೆಸ್ಟರಿನ ಮೌನವನ್ನು ತಂತಿಯ ಮೌನವೆಂದು ನಂಬಿದಂತಾಗುವುದು. ಕೆಪಾಸಿಟರುಗಳು ಸ್ವಿಚ್ಚನ್ನು ತೆಗೆದಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಇಳಿಸಿ, ಅರ್ತ್ ಮಾಡಿದ ಮೇಲೆಯೇ ಮುಟ್ಟಬೇಕು. ಕೆಲಸ ಮುಗಿದ ಮೇಲೆ ಮೆಗ್ಗರಿನಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸದೆ ಶಕ್ತಿಯನ್ನು ಬಿಡಬಾರದು. ಐದು ನಿಮಿಷದ ಕೆಲಸಕ್ಕೆ ಇಷ್ಟೆಲ್ಲ ಏಕೆಂದು ಹೇಳುವ ಮೇಲಿನವನಿಗೂ ಇಲ್ಲವೆಂದು ಹೇಳುವ ಧೈರ್ಯವು ಈ ಶಿಕ್ಷಣದ ಮುಖ್ಯವಾದ ಅಂಗ. ಆ ಧೈರ್ಯವನ್ನು ಪುಸ್ತಕವು ಕೊಡಲಾರದು. ಹಾಗೆ ನಡೆದು ತೋರಿಸಿದ ಹಿರಿಯನನ್ನು ನೋಡಿಯೇ ಕಿರಿಯನು ಕಲಿಯಬೇಕು.

ಭದ್ರಾವತಿಯಂಥ ದೊಡ್ಡ ಕಾರ್ಖಾನೆಯು ಅಂಥ ಹಿರಿಯರಿರುವ ಗುರುಕುಲವೇ ಆಗಿದ್ದಿತು. ಕಿರಿಯರು ಹಿರಿಯರ ಹಿಂದೆ ಉಪಕರಣದ ಚೀಲವನ್ನು ಹೊತ್ತು ನಡೆದು, ನೋಡಿ, ಕೇಳಿ, ಕಡೆಗೆ ತಾವೇ ಹಿರಿಯರಾಗುತ್ತಿದ್ದರು. ಆದರೆ ಕಾಲವು ಬದಲಾಯಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಉಕ್ಕಿನ ಕಾರ್ಖಾನೆಯು 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವೂ ಪ್ರಕಟವಾಯಿತು. ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದ ಮೇಲೆ ಅದೇ ವರ್ಷ ಕೆಲಸವು ಮಿತವಾಗಿ ಪುನಃ ಸಾಗಿತು. ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಕೆಲವು ವರ್ಷಗಳ ಮೊದಲೇ ನಿಂತುಹೋಗಿದ್ದವು. ಒಂದು ಕಾರ್ಖಾನೆಯು ಕ್ಷೀಣಿಸಿದಾಗ ಕೂಲಿಯು ಹೋಯಿತೆಂದು ಜನರು ದುಃಖಪಡುವರು. ಅದರೊಡನೆ ಕೈಯಿಂದ ಕೈಗೆ ಬಂದ ವಿದ್ಯೆಯ ಪರಂಪರೆಯೂ ಕಡಿದುಹೋಗುತ್ತದೆಂಬುದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ.

ಇತ್ತ ಶಿವಮೊಗ್ಗೆಗೂ ಭದ್ರಾವತಿಗೂ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಭಾಗಗಳನ್ನು ಮಾಡುವ ಕಾರ್ಖಾನೆಗಳೂ ನಡೆಯುತ್ತಿವೆ. ಲೋಹವನ್ನು ಕರಗಿಸುವ ಇಂಡಕ್ಷನ್ ಕುಲುಮೆಗಳಿಗೆ ವಿದ್ಯುತ್ತೇ ಪ್ರಾಣ. ಅಕ್ಕಿಯ ಗಿರಣಿ, ಅಡಿಕೆ ಸುಲಿಯುವ ಯಂತ್ರ, ಶೀತಲಗೃಹಗಳಲ್ಲೂ ಮೋಟಾರುಗಳು ತಿರುಗುತ್ತಿವೆ. ಈಗಿನ ಪ್ಯಾನಲಿನೊಳಗೆ ಗಣಕದಂತೆ ಯೋಚಿಸುವ ಪಿ.ಎಲ್.ಸಿ. ಎಂಬ ಯಂತ್ರವೂ ಕುಳಿತಿದೆ. ಆದಕಾರಣ ಕೆಲಸವಿಲ್ಲವೆಂಬುದು ಸರಿಯಲ್ಲ. ಕಲಿತ ಕೈ ಬೇಕಾಗಿದೆ, ಕಲಿಸುವ ಸ್ಥಳವು ಚದುರಿಹೋಗಿದೆ ಎಂಬುದೇ ಸರಿ. ದೊಡ್ಡ ಕಾರ್ಖಾನೆಯೊಂದು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಸಮಾಜವು ತಿಳಿದು ಮಾಡಬೇಕಾಗಿದೆ.

ಆ ಕರ್ತವ್ಯವು ಮೊದಲು ಕಾರ್ಖಾನೆಗಳ ಯಜಮಾನರದು. 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯು ತನ್ನ ಕೆಲಸಗಾರರ ಸಂಖ್ಯೆಯ ನೂರಕ್ಕೆ 2.5ರಿಂದ 15ರ ವರೆಗೆ ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಬೇಕೆಂದು 2019ರಲ್ಲಿ ತಿದ್ದುಪಡಿಯಾದ ನಿಯಮವು ಹೇಳುತ್ತದೆ. ಈ ಸಭೆಯಲ್ಲಿರುವ ಉದ್ಯಮಿಗಳು ಅದನ್ನು ಸರ್ಕಾರದ ಕಾಟವೆಂದು ಎಣಿಸದೆ ದಾಸೋಹವೆಂದು ಎಣಿಸಲಿ. ಅನ್ನವನ್ನು ಇಕ್ಕುವುದು ಒಂದು ಹೊತ್ತಿನ ದಾಸೋಹ. ಒಬ್ಬ ತರುಣನನ್ನು ಬಲ್ಲವನ ಪಕ್ಕದಲ್ಲಿ ಒಂದು ವರ್ಷ ನಿಲ್ಲಿಸುವುದು ಅವನ ಜೀವಮಾನದ ಅನ್ನ. ಆದರೆ ಆತನನ್ನು ಕಸ ಗುಡಿಸಲು, ಚಹ ತರಲು ಮಾತ್ರ ಕಳುಹಿಸಿ ಕೊನೆಯಲ್ಲಿ ಪ್ರಮಾಣಪತ್ರಕ್ಕೆ ರುಜು ಹಾಕಿದರೆ ಅದು ದಾಸೋಹವಾಗದು, ದ್ರೋಹವಾದೀತು. ನಿವೃತ್ತರಾದ ಹಳೆಯ ಕೆಲಸಗಾರರೂ ವಾರಕ್ಕೊಂದು ಸಂಜೆಯನ್ನು ಹುಡುಗರಿಗೆ ಕೊಡಬಹುದು. ಅವರ ಅನುಭವವು ಚಿತೆಯೊಡನೆ ಹೋಗತಕ್ಕ ವಸ್ತುವಲ್ಲ.

ಎರಡನೆಯದಾಗಿ ತಂದೆತಾಯಿಗಳ ಕರ್ತವ್ಯ. ಮಗನು ಕಚೇರಿಯ ಕುರ್ಚಿಯಲ್ಲಿ ಕುಳಿತರೆ ಮಾನ, ಸ್ಪ್ಯಾನರು ಹಿಡಿದರೆ ಅವಮಾನ ಎಂಬ ಭಾವನೆಯು ಶರಣರ ಹೆಸರನ್ನು ಹೇಳುವ ಮನೆಗಳಲ್ಲಿ ಇರತಕ್ಕುದಲ್ಲ. ಅಲ್ಲಮಪ್ರಭುದೇವರ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಜಿಲ್ಲೆಯಲ್ಲಿವೆ. ಆ ಅನುಭವಮಂಟಪದಲ್ಲಿ ಅಂಬಿಗ, ಮಡಿವಾಳ, ಮಾದಾರ ಎಂಬ ಕಾಯಕದ ಹೆಸರುಗಳೇ ಗೌರವದ ಹೆಸರುಗಳಾದವು. ಹೆಣ್ಣುಮಕ್ಕಳಿಗೂ ಈ ವಿದ್ಯೆಯ ಬಾಗಿಲು ತೆರೆದಿದೆ; ಮೀಟರನ್ನು ಓದುವುದಕ್ಕೂ ಲಗ್ಗನ್ನು ಒತ್ತುವುದಕ್ಕೂ ಬೇಕಾದುದು ಏಕಾಗ್ರತೆಯೇ ಹೊರತು ಮೀಸೆಯಲ್ಲ.

ಕೊನೆಯದಾಗಿ, ಕಲಿಯುವ ತರುಣರಿಗೆ ಒಂದು ಮಾತು. ನುಲಿಯ ಚಂದಯ್ಯನವರು ಹೊಡಕೆಯ ಹುಲ್ಲನ್ನು ಕೊಯ್ದು ತಂದು ಹಗ್ಗವನ್ನು ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸಿದರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ಬಿಡಲಿಲ್ಲವೆಂಬ ಅವರ ಕಥೆಯನ್ನು ಬಲ್ಲವರು ಬಲ್ಲರು. ಹಗ್ಗವನ್ನು ಕೊಂಡವನಿಗೆ ಹೊರಮೈ ಮಾತ್ರ ಕಾಣುತ್ತದೆ. ಒಳಗಿನ ಎಳೆಯನ್ನು ಗಟ್ಟಿಯಾಗಿ ಹೊಸೆದಿದೆಯೋ ಇಲ್ಲವೋ ಎಂಬುದು ಹೊಸೆದವನಿಗೆ ಮಾತ್ರ ಗೊತ್ತು. ಬಾವಿಗೆ ಇಳಿದವನ ಭಾರವು ಆ ಕಾಣದ ಎಳೆಯ ಮೇಲೆ ನಿಲ್ಲುತ್ತದೆ. ಕೇಬಲ್ಲೂ ಎಳೆಗಳನ್ನು ಹೊಸೆದ ಹಗ್ಗವೇ. ಗೋಡೆಯೊಳಗಿನ ಪೈಪಿನಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ, ನೆಲದೊಳಗಿನ ಅರ್ತಿನ ಗುಂಡಿಯಲ್ಲಿ ಮಾಡಿದ ಕೆಲಸವನ್ನು ಯಜಮಾನನು ನೋಡಲಾರನು, ಪರೀಕ್ಷಕನೂ ಪೂರ್ತಿಯಾಗಿ ನೋಡಲಾರನು. ಯಾರೂ ನೋಡದ ಕಡೆಯಲ್ಲಿ ಸತ್ಯವಾಗಿ ಕೆಲಸ ಮಾಡುವ ಅಭ್ಯಾಸವೇ ಈ ಶಿಕ್ಷಣದ ಸಾರ. ಎರಡು ವರ್ಷಗಳ ಶಾಲೆ, ಅದರ ಮೇಲಿನ ಅಪ್ರೆಂಟಿಸ್ ಅಭ್ಯಾಸ, ಪರ್ಮಿಟ್ಟು ಇವೆಲ್ಲವೂ ಆ ಅಭ್ಯಾಸವನ್ನು ಬಲಪಡಿಸುವ ಸಾಧನಗಳು.

ರಾತ್ರಿಯ ಪಾಳಿಯಲ್ಲಿ ಯಂತ್ರವನ್ನು ಮುಟ್ಟುವ ಕಾರ್ಮಿಕನಿಗೆ, ಅದರ ತಂತಿಯನ್ನು ಜೋಡಿಸಿದವನಾರೆಂದು ಗೊತ್ತಿರುವುದಿಲ್ಲ. ಆದರೂ ಆತನು ನಂಬಿ ಮುಟ್ಟುತ್ತಾನೆ. ಬೆಳಗಾದ ಮೇಲೆ ಮನೆಗೆ ಹಿಂದಿರುಗಿ ಹೆಂಡತಿ ಮಕ್ಕಳ ಮುಖವನ್ನು ನೋಡುತ್ತಾನೆ. ಆ ಹಿಂದಿರುಗುವಿಕೆಯೇ ವಿದ್ಯುತ್ಕಾಯಕದ ಫಲವು. ಅಂಥ ಕಾಯಕಕ್ಕೆ ತಕ್ಕ ತರುಣರನ್ನು ಶಿವಮೊಗ್ಗೆ ಭದ್ರಾವತಿಗಳ ಮನೆಮನೆಗಳು ಸಿದ್ಧಪಡಿಸಲಿ, ಬಲ್ಲವರು ಅವರಿಗೆ ಕೈಹಿಡಿದು ಕಲಿಸಲಿ, ಶ್ರೀಗುರುವಿನ ಕಾರುಣ್ಯವು ಕಲಿಸುವವರಿಗೂ ಕಲಿಯುವವರಿಗೂ ಸಮಾನವಾಗಿ ದೊರೆಯಲಿ.

ಶುಭಂ ಭೂಯಾತ್.